ಒಂದು ಕೂಗಳತೆಯ ಇತಿಹಾಸ

ಐತಿಹಾಸಿಕ ಪ್ರಣಯ ಕಾದಂಬರಿಯ ಮುನ್ನುಡಿಯಲ್ಲಿ ಒಂದಾದರೂ ಸುಳ್ಳು ಇರತಕ್ಕದ್ದು ಎಂಬುದು ಆ ವೃತ್ತಿಯ ಮೂಲಭೂತ ನಿಯಮವಾಗಿದೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದಾರೆ. ಕಾದಂಬರಿಕಾರನಿಗೆ ಯಾರಾದರೂ ಒಬ್ಬರು ಹಳೆಯ ಹಸ್ತಪ್ರತಿ ಕೊಟ್ಟಿರಬೇಕು. ಕೊಟ್ಟವರು ಆಮೇಲೆ ಪತ್ತೆಯಿಲ್ಲದಂತೆ ಹೋಗಿರಬೇಕು. ಹಸ್ತಪ್ರತಿಯನ್ನು ಗೆದ್ದಲು ತಿಂದಿರಬೇಕು, ಆದರೆ ಕಾದಂಬರಿಕಾರ ಓದಿ ಮುಗಿಸುವ ತನಕ ಕಾದು ತಿಂದಿರಬೇಕು. ಇಷ್ಟು ಶಿಸ್ತಿನ ಗೆದ್ದಲು ಬೇರೆ ಯಾವ ವೃತ್ತಿಯಲ್ಲೂ ಸಿಗುವುದಿಲ್ಲ.

ಈ ಕತೆಯ ಕಾದಂಬರಿಕಾರರನ್ನು ಬೀದಿಯವರು ಸಾಮ್ರಾಟರು ಎನ್ನುತ್ತಿದ್ದರು. ಪ್ರಕಾಶಕ ಒಂದು ಪುಸ್ತಕದ ರಕ್ಷಾಪುಟದ ಮೇಲೆ ‘ಪ್ರಣಯ ಸಾಮ್ರಾಟ’ ಎಂದು ಅಚ್ಚು ಹಾಕಿಸಿದ್ದ. ಜನ ಪ್ರಣಯವನ್ನು ಅಲ್ಲೇ ಬಿಟ್ಟು ಸಾಮ್ರಾಟನನ್ನು ಮನೆಗೆ ತಂದರು. ಅವರ ಪ್ರತಿ ಮುನ್ನುಡಿಯಲ್ಲೂ ಒಬ್ಬ ಮುದುಕ ಇರುತ್ತಿದ್ದ. ರೈಲಿನಲ್ಲಿ ಎದುರು ಸೀಟಿನಲ್ಲಿ ಕೂತು, ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಇವರ ಮಡಿಲಿಗೆ ಹಾಕಿ, ಇದು ಲೋಕಕ್ಕೆ ತಲುಪಲಿ ಮಗು ಎಂದು ಹೇಳಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತಿದ್ದ. ಎಲ್ಲ ಕಾದಂಬರಿಗೂ ಅವನೇ ಮುದುಕ, ಅದೇ ಗಂಟು. ಮುನ್ನುಡಿಯ ಕೊನೆಯ ಸಾಲೂ ಯಾವತ್ತೂ ಒಂದೇ: ‘ಇದರಲ್ಲಿ ಒಂದಕ್ಷರವೂ ನನ್ನದಲ್ಲ.’ ಆ ಸಾಲು ಬರೆದು ಪೆನ್ನು ಕೆಳಗಿಟ್ಟ ಮೇಲೆ, ತಾವು ಎಂಥ ವಿನಯವಂತರು ಎಂದು ಸಾಮ್ರಾಟರು ಸ್ವಲ್ಪ ಹೊತ್ತು ಬೀಗುತ್ತಿದ್ದರು.

ಅವರು ಬರೆಯುವ ಕ್ರಮವನ್ನೂ ಹೇಳಬೇಕು. ಬೆಳಗಿನ ಕಾಫಿ ಆದ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ರಾಜಮನೆತನದವರ ಎದುರು ಬನಿಯನ್ನಿನಲ್ಲಿ ಕೂರುವುದು ಮರ್ಯಾದೆಯಲ್ಲ ಎಂಬುದು ಅವರ ನಿಲುವು. ಕಿಟಕಿಯಿಂದ ಕಂಡದ್ದೆಲ್ಲ ಅವರ ಕೈಗೆ ಸಿಕ್ಕ ಕೂಡಲೇ ಶತಮಾನಗಟ್ಟಲೆ ಹಿಂದಕ್ಕೆ ಓಡುತ್ತಿತ್ತು. ಕಸದ ಲಾರಿ ಆನೆಯಾಗುತ್ತಿತ್ತು. ಪಕ್ಕದ ಮನೆಯ ದರ್ಜಿ ಒಣಹಾಕಿದ ಹೊದಿಕೆ ಶತ್ರು ಸೈನ್ಯದ ಬಾವುಟವಾಗುತ್ತಿತ್ತು. ಬೀದಿಯ ತುದಿಯ ಹಿಟ್ಟಿನ ಗಿರಣಿ ಶುರುವಾದರೆ ಸಾಮ್ರಾಟರ ಕಾಗದದ ಮೇಲೆ ಯುದ್ಧ ಶುರುವಾಗುತ್ತಿತ್ತು, ಗಿರಣಿ ನಿಂತರೆ ಸಂಧಾನ. ರಾಜಕುಮಾರಿ ಬೆಚ್ಚಿ ಹಿಂತಿರುಗಿದರೆ ಕೈಯ ದೀಪ ಎತ್ತ ವಾಲುತ್ತದೆ ಎಂದು ತಿಳಿಯಬೇಕಾದಾಗ, ಅಡುಗೆಮನೆಯಿಂದ ಹೆಂಡತಿಯನ್ನು ಕರೆದು, ಕೈಯ ಸೌಟು ಸಮೇತ ಬಾಗಿಲಲ್ಲಿ ನಿಲ್ಲಿಸಿ, ‘ಎಲ್ಲಿ, ಸ್ವಲ್ಪ ಬೆಚ್ಚು’ ಎನ್ನುತ್ತಿದ್ದರು. ಆಕೆ ಬೆಚ್ಚಿ, ‘ರೀ, ಹಾಲು ಉಕ್ತು’ ಎಂದು ಒಳಗೆ ಓಡುತ್ತಿದ್ದಳು. ಕಾದಂಬರಿಯಲ್ಲಿ ಅದು ‘ಓ ವೀರನೇ, ನೀನೇ?’ ಎಂದು ಅಚ್ಚಾಗುತ್ತಿತ್ತು.

ಹೆಂಡತಿಗೆ ಪ್ರಣಯ ಕಾದಂಬರಿಯ ಮೇಲೆ ವಿಶೇಷ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಆಕೆಗೆ ಪ್ರೀತಿ ಇದ್ದದ್ದು ಮನೆಯ ಮೇಲೆ. ಅದು ಆಕೆಯ ತಾಯಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಬೇರೆಯವರ ನೋವು ನೋಡಿಕೊಂಡು, ತನ್ನ ಕಾಲುನೋವನ್ನು ಯಾರಿಗೂ ತೋರಿಸದೆ ಕಟ್ಟಿಸಿದ ಮನೆ. ಅಡುಗೆಮನೆಯ ಕಿಟಕಿಯನ್ನು ತಾಯಿ ತಾನೇ ನಿಂತು ಅಳತೆ ಕೊಟ್ಟು ಇಡಿಸಿದ್ದಳು. ಒಲೆ ಮುಂದೆ ನಿಂತವಳಿಗೆ ಗೇಟು ತೆಗೆದು ಬರುವವರ ಮುಖ ಕಾಣಬೇಕು ಎಂದು. ಮಗಳು ಆ ಕಿಟಕಿಯಲ್ಲೇ ನಿಂತು ದೊಡ್ಡವಳಾದಳು, ಅಲ್ಲಿಂದಲೇ ಸಾಮ್ರಾಟರನ್ನು ಮೊದಲು ನೋಡಿದಳು. ಆ ತಪ್ಪು ಕಿಟಕಿಯದಲ್ಲ.

ಸಾಮ್ರಾಟರ ಕಿಟಕಿಗೆ ಎದುರಾಗಿ ಒಂದು ಹಳೆಯ ನೀರಿನ ಟ್ಯಾಂಕು ಇತ್ತು. ಕಂಬಗಳ ಮೇಲೆ ದುಂಡಗೆ ನಿಂತಿತ್ತು. ಸೋರುತ್ತದೆ ಎಂದು ನೀರು ತುಂಬುವುದನ್ನು ನಿಲ್ಲಿಸಿ, ಬೀಳಿಸುವುದಕ್ಕೆ ಮಂಜೂರಾತಿ ಬರಲಿಲ್ಲವೆಂದು ಹಾಗೇ ಬಿಟ್ಟಿದ್ದರು. ಪ್ರೇಮಿಗಳು ಭೇಟಿಯಾಗುವುದಕ್ಕೆ ಎತ್ತರದ ಜಾಗವೊಂದು ಬೇಕಾಗಿದ್ದ ಒಂದು ಬೆಳಿಗ್ಗೆ ಸಾಮ್ರಾಟರು ತಲೆ ಎತ್ತಿ ನೋಡಿದರು, ಟ್ಯಾಂಕು ಕಂಡಿತು, ಬರೆದರು: ‘ಅದೇ ಚಂದ್ರಗೋಪುರ. ಅದರಿಂದ ಒಂದು ಕೂಗಳತೆಯವರೆಗೆ ಹೂವಿನ ಬಯಲಲ್ಲದೆ ನರಮನುಷ್ಯರ ಒಂದು ಗುಡಿಸಲೂ ಇರಲಿಲ್ಲ.’ ಬರೆದದ್ದು ಚೆನ್ನಾಗಿತ್ತು. ಅದರ ತೊಂದರೆಯೇ ಅದು.

‘ಚಂದ್ರಗೋಪುರದ ರಾಜಕುಮಾರಿ’ ಮೊದಲ ಭಾಗ ಬಿಸಿಬಿಸಿಯಾಗಿ ಖರ್ಚಾಯಿತು. ರಾಜಕುಮಾರಿಯೊಬ್ಬಳು ಕುದುರೆ ಸವಾರನೊಬ್ಬನನ್ನು ಪ್ರೀತಿಸುತ್ತಾಳೆ, ಪುಸ್ತಕ ಮುಗಿಯುವವರೆಗೂ ಕೈ ಹಿಡಿಯುವುದಿಲ್ಲ. ಕೈ ಹಿಡಿಸಿದರೆ ಎರಡನೇ ಭಾಗ ಯಾರು ಕೊಳ್ಳುತ್ತಾರೆ ಎಂದು ಪ್ರಕಾಶಕ ಮೊದಲೇ ತಾಕೀತು ಮಾಡಿದ್ದ. ಪ್ರೇಮಿಗಳು ಸೇರಿದಾಗಲೆಲ್ಲ ಹುಣ್ಣಿಮೆ ಇರಬೇಕು ಎಂಬುದೂ ಅವನದೇ ನಿಯಮ. ಹೀಗಾಗಿ ಐದನೇ ಅಧ್ಯಾಯದಲ್ಲಿ ಒಂದೇ ತಿಂಗಳಿಗೆ ನಾಲ್ಕು ಹುಣ್ಣಿಮೆ ಬಂದಿದ್ದವು. ಓದುಗರು ಯಾರೂ ತಕರಾರು ಮಾಡಲಿಲ್ಲ.

ಅದೇ ಹೊತ್ತಿಗೆ ಆ ಊರಿನ ಪರಂಪರಾ ರಕ್ಷಣಾ ಕಚೇರಿ ಒಂದು ಸಂಕಟದಲ್ಲಿತ್ತು. ಕಚೇರಿಗೆ ಕಟ್ಟಡವಿತ್ತು, ಜೀಪಿತ್ತು, ಅಧಿಕಾರಿ ಇದ್ದರು, ಅಧಿಕಾರಿಗೆ ತಿರುಗುವ ಕುರ್ಚಿಯೂ ಇತ್ತು. ರಕ್ಷಿಸಲು ಪರಂಪರೆ ಮಾತ್ರ ಇರಲಿಲ್ಲ. ವರ್ಷದ ಕೊನೆಯೊಳಗೆ ಒಂದಾದರೂ ಸ್ಮಾರಕ ತೋರಿಸದಿದ್ದರೆ ಕಚೇರಿಯನ್ನೇ ಮುಚ್ಚಲಾಗುವುದು ಎಂದು ಮೇಲಿನಿಂದ ಆದೇಶ ಬಂದಿತ್ತು. ಅಧಿಕಾರಿಗಳು ಬೇಸರ ಕಳೆಯಲು ಕಾದಂಬರಿ ಕೈಗೆತ್ತಿಕೊಂಡರು. ಮುನ್ನುಡಿಯ ಕೊನೆಯ ಸಾಲು ಓದಿ ನೆಟ್ಟಗೆ ಕೂತರು. ಸಂಜೆಯೊಳಗೆ ಜೀಪು ಟ್ಯಾಂಕಿನ ಕೆಳಗೆ ನಿಂತಿತ್ತು. ದುಂಡಗಿದೆ, ಎತ್ತರವಿದೆ, ಹತ್ತಲು ಏಣಿ ಇದೆ, ಕಾದಂಬರಿಯಲ್ಲಿ ಹೇಳಿದಂತೆ ತುದಿಯಲ್ಲಿ ಕಾಗೆಗೂಡೂ ಇದೆ. ಕಂಬದ ಮೇಲೆ ನೀರು ಸರಬರಾಜು ಇಲಾಖೆಯ ಮುದ್ರೆ ಕಾಣುತ್ತದಲ್ಲ ಎಂದು ಡ್ರೈವರ್ ಸೂಚಿಸಿದಾಗ, ದಾಳಿಕೋರರು ಏನೇನೋ ಕೆತ್ತಿ ಹೋಗಿರುತ್ತಾರೆ ಎಂದು ಅಧಿಕಾರಿಗಳು ವಿವರಿಸಿದರು. ಮರುದಿನ ಪ್ರಕಟಣೆ ಹೊರಬಿತ್ತು.

‘ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಇದುವರೆಗೆ ನೀರಿನ ಟ್ಯಾಂಕು ಎಂದು ತಪ್ಪಾಗಿ ಭಾವಿಸಲಾಗಿದ್ದ ಕಟ್ಟಡವು ಚಂದ್ರಗೋಪುರವಾಗಿರುತ್ತದೆ. ಸದರಿ ಗೋಪುರದಿಂದ ತಮ್ಮ ಮನೆಗೆ ನೀರು ಬರುತ್ತಿತ್ತೆಂದು ನೆನಪಿರುವ ಹಿರಿಯರು ಸದರಿ ನೆನಪನ್ನು ಕೂಡಲೇ ಕೈಬಿಡತಕ್ಕದ್ದು. ಗೋಪುರದಿಂದ ಒಂದು ಕೂಗಳತೆಯ ಪ್ರದೇಶವನ್ನು ಮೂಲಸ್ಥಿತಿಗೆ, ಅಂದರೆ ಹೂವಿನ ಬಯಲಿಗೆ, ತರಲಾಗುವುದು.’

ಪ್ರಕಟಣೆ ಓದಿ ಸಾಮ್ರಾಟರ ಎದೆ ಉಬ್ಬಿತು. ಕೊನೆಯ ಸಾಲನ್ನು ಅವರು ಓದಲಿಲ್ಲ ಎಂದಲ್ಲ, ಅದರ ಶೈಲಿ ತಮ್ಮದೇ ಎಂಬ ಖುಷಿಯಲ್ಲಿ ಅರ್ಥದ ಕಡೆಗೆ ಗಮನ ಹೋಗಲಿಲ್ಲ.

ಕೂಗಳತೆ ಎಂದರೆ ಎಷ್ಟು ಎಂಬುದಕ್ಕೆ ಕಚೇರಿಯಲ್ಲಿ ಅಳತೆಪಟ್ಟಿ ಇರಲಿಲ್ಲ. ಆದ್ದರಿಂದ ಕೂಗಿಯೇ ಅಳೆಯುವುದೆಂದು ತೀರ್ಮಾನವಾಯಿತು. ಕಚೇರಿಯಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲಿದ್ದವನು ಡ್ರೈವರ್. ಅವನಿಗೆ ತಾತ್ಕಾಲಿಕವಾಗಿ ‘ಕೂಗು ಸಹಾಯಕ’ ಎಂಬ ಹುದ್ದೆ ಕೊಟ್ಟು, ಬಿಸಿನೀರು ಕುಡಿಸಿ, ಟ್ಯಾಂಕಿನ ಮೇಲೆ ಹತ್ತಿಸಲಾಯಿತು. ಏನೆಂದು ಕೂಗಬೇಕು ಎಂಬ ಬಗ್ಗೆ ಒಂದು ವಾರ ಪತ್ರವ್ಯವಹಾರ ನಡೆದು, ‘ಓ’ ಎಂದಷ್ಟೇ ಕೂಗಬೇಕು, ಯಾವುದೇ ವ್ಯಕ್ತಿಯನ್ನು ಉದ್ದೇಶಿಸಿರಬಾರದು ಎಂದು ನಿರ್ಧಾರವಾಗಿತ್ತು. ಅವನು ಕೂಗಿದ. ಸಿಬ್ಬಂದಿ ಮನೆಮನೆಯ ಮುಂದೆ ನಿಂತು, ಕೇಳಿಸಿತೇ ಎಂದು ವಿಚಾರಿಸಿ, ಹೌದೆಂದವರ ಗೋಡೆಯ ಮೇಲೆ ಸುಣ್ಣದಲ್ಲಿ ಗುರುತು ಹಾಕಿದರು.

ಗಿರಣಿಯಮ್ಮನ ಮನೆ ಟ್ಯಾಂಕಿಗೆ ತೀರ ಹತ್ತಿರ. ಆದರೆ ಗಿರಣಿ ಓಡುತ್ತಿತ್ತು, ಏನೂ ಕೇಳಿಸಲಿಲ್ಲ ಎಂದಳು. ಆಕೆಯ ಮನೆ ಉಳಿಯಿತು. ಕಿವಿ ಮಂದವಾದ ನಿವೃತ್ತ ಮೇಷ್ಟ್ರ ಮನೆಯೂ ಉಳಿಯಿತು. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದು, ಯಾರೋ ತನ್ನನ್ನೇ ಕರೆದರು ಎಂದು ಓಗೊಟ್ಟ. ಅವನ ಮನೆ ಹೋಯಿತು. ಸಾಮ್ರಾಟರೋ, ತಮ್ಮ ಕಾದಂಬರಿಯ ಕೂಗು ಎಂಬ ಅಭಿಮಾನದಿಂದ ಗೇಟಿನವರೆಗೆ ಬಂದು, ‘ಬಹಳ ಸ್ಪಷ್ಟವಾಗಿ ಕೇಳಿಸಿತು, ಇನ್ನೊಂದ್ಸಲ ಕೂಗಿಸಿ’ ಎಂದರು. ಸಿಬ್ಬಂದಿ ಅವರ ಗೋಡೆಗೆ ಎರಡು ಗುರುತು ಹಾಕಿದರು.

ನೋಟಿಸು ಬಂದದ್ದು ಹೆಂಡತಿಯ ಹೆಸರಿಗೆ. ಮನೆ ಆಕೆಯದಲ್ಲವೇ. ಸದರಿ ಮನೆಯು ಇತಿಹಾಸವನ್ನು ಒತ್ತುವರಿ ಮಾಡಿಕೊಂಡು ನಿಂತಿರುವುದರಿಂದ ಮುಂದಿನ ತಿಂಗಳು ಅದನ್ನು ತೆರವುಗೊಳಿಸಲಾಗುವುದು ಎಂದಿತ್ತು. ಆಕೆ ಓದಿದಳು, ಮಡಿಸಿದಳು, ಅಡುಗೆಮನೆಯ ಕಿಟಕಿಯ ಮುಂದೆ ನಿಂತು ಗೇಟನ್ನು ನೋಡಿದಳು. ಆಮೇಲೆ ಹೇಳಿದಳು.

‘ಹೂವಿನ ಬಯಲು ಅಂತ ಬರೆದ್ರಲ್ಲ, ಅದರಲ್ಲಿ ಒಂದು ಮನೆ ಇದ್ದಿದ್ರೆ ನಿಮ್ಮ ರಾಜಕುಮಾರಿ ಗಂಟೇನು ಹೋಗ್ತಿತ್ತು?’

‘ಏಕಾಂತ ಬೇಕಿತ್ತು ಕಣೆ. ಸುತ್ತ ಮನೆಗಳಿದ್ರೆ ಪ್ರಣಯ ಬೆಳೆಯಲ್ಲ.’

‘ನಮ್ಮಮ್ಮ ಕಟ್ಟಿದ ಮನೇಲಿ ಕೂತು ನಮ್ಮಮ್ಮನ ಮನೇನೇ ಅಳಿಸಿಹಾಕಿದ್ದೀರಿ. ಹೋಗಿ, ಎಲ್ಲಾ ಸುಳ್ಳು ಅಂತ ಹೇಳಿ ಬನ್ನಿ.’

ಸಾಮ್ರಾಟರಿಗೆ ಇದು ಸುಲಭದ ಕೆಲಸ ಎನಿಸಿತು. ಇಸ್ತ್ರಿ ಅಂಗಿ ತೊಟ್ಟು ಕಚೇರಿಗೆ ಹೋದರು. ಅಧಿಕಾರಿಗಳು ಎದ್ದು ನಿಂತು ಕೈಕುಲುಕಿದರು. ಚಹಾ ತರಿಸಿದರು. ಸಾಮ್ರಾಟರು ನಕ್ಕು, ಗೋಪುರ, ರಾಜಕುಮಾರಿ, ಕುದುರೆ, ಬಯಲು, ಎಲ್ಲವೂ ತಮ್ಮ ತಲೆಯಲ್ಲಿ ಹುಟ್ಟಿದ್ದೆಂದೂ, ಅಂಥ ತಲೆ ಅಪರೂಪವೆಂದೂ ತಿಳಿಸಿದರು. ಅಧಿಕಾರಿಗಳು ಪುಸ್ತಕ ತೆಗೆದು ಮುನ್ನುಡಿಯ ಪುಟಕ್ಕೆ ಬೆರಳಿಟ್ಟರು.

‘ಒಂದಕ್ಷರವೂ ನನ್ನದಲ್ಲ ಅಂತ ಇಲ್ಲಿದೆ.’

‘ಅದು ಸುಮ್ಮನೆ ಹಾಗೆ ಬರೆಯೋದು ಸಾರ್. ವಾಡಿಕೆ.’

‘ಅಂದ್ರೆ ಸುಳ್ಳು ಬರೆದಿದ್ದೀರಾ?’

‘ಹೌದು ಸಾರ್.’

‘ಸುಳ್ಳು ಬರೆಯೋರು ನೀವು. ಈಗ ಹೇಳ್ತಿರೋದು ನಿಜ ಅಂತ ನಾನು ಹೆಂಗ್ರೀ ನಂಬಲಿ? ಬರೆದದ್ದಾದ್ರೂ ಅಚ್ಚಾಗಿದೆ.’

ಸಾಮ್ರಾಟರು ಕೊನೆಯ ಅಸ್ತ್ರವಾಗಿ ನಾಲ್ಕು ಹುಣ್ಣಿಮೆಯ ವಿಚಾರ ಎತ್ತಿದರು. ಅಧಿಕಾರಿಗಳು ಗಂಭೀರವಾಗಿ ತಲೆಯಾಡಿಸಿ, ಆ ಕಾಲದಲ್ಲಿ ತಿಂಗಳಿಗೆ ನಾಲ್ಕು ಹುಣ್ಣಿಮೆ ಇದ್ದವೆಂಬುದಕ್ಕೆ ಇದುವರೆಗೆ ಆಧಾರವೇ ಸಿಕ್ಕಿರಲಿಲ್ಲ, ಈ ಪುಸ್ತಕದಿಂದ ಸಿಕ್ಕಿತು ಎಂದು ಕೃತಜ್ಞತೆ ಸೂಚಿಸಿದರು. ಬಾಗಿಲವರೆಗೆ ಕಳಿಸಲು ಬಂದಾಗ ಮಾತ್ರ ದನಿ ತಗ್ಗಿಸಿ, ತಾವೂ ಮನುಷ್ಯರೇ ಎಂಬಂತೆ ಒಂದು ಮಾತು ಹೇಳಿದರು. ಆ ಮುದುಕ ಮತ್ತೆ ರೈಲಿನಲ್ಲಿ ಸಿಗಬಾರದೆಂದೇನಿಲ್ಲವಲ್ಲ. ಎರಡನೇ ಗಂಟು ಕೊಟ್ಟರೆ, ಅದರಲ್ಲಿ ಬಯಲಿನ ಅಂಚಿನಲ್ಲಿ ಒಂದು ಮನೆ ಇದ್ದರೆ, ಕಚೇರಿ ಇತಿಹಾಸದ ವಿರುದ್ಧ ಹೋಗುವುದಿಲ್ಲ.

ಮರುದಿನ ಬೆಳಿಗ್ಗೆಯೇ ಮುದುಕ ಸಿಕ್ಕಿದ.

ಎರಡನೇ ಭಾಗದ ಮೊದಲ ಅಧ್ಯಾಯದಲ್ಲಿ ರಾಜಕುಮಾರಿ ಗೋಪುರದಿಂದ ಕೆಳಗೆ ನೋಡುತ್ತಾಳೆ. ಮೊದಲ ಭಾಗದಲ್ಲಿ ಮಂಜು ಮುಸುಕಿದ್ದರಿಂದ ಕಾಣದೆ ಹೋದ ಒಂದು ಮನೆ ಈಗ ಕಾಣುತ್ತದೆ. ಅದರ ಕಿಟಕಿಯಲ್ಲಿ ಒಬ್ಬ ಕವಿ. ಅವನು ರಾಜಕುಮಾರಿಯನ್ನು ಮನಸ್ಸಿನಲ್ಲೇ ಪ್ರೀತಿಸುತ್ತ, ಅವಳ ಕತೆಯನ್ನು ಬರೆಯುತ್ತ ಕೂತಿದ್ದಾನೆ. ಹಣೆ ಅಗಲ, ಕಣ್ಣು ವಿಶಾಲ, ಮೂಗು ನೇರ. ಕನ್ನಡಿ ಮುಂದಿಟ್ಟುಕೊಂಡು ಸಾಮ್ರಾಟರು ಇದನ್ನು ಬರೆದರು. ಕನ್ನಡಿ ಒಪ್ಪದ ಕಡೆ ಕನ್ನಡಿಯನ್ನು ತಿದ್ದಿದರು.

ಸುದ್ದಿ ಹರಡಲು ಅರ್ಧ ದಿನವೂ ಬೇಕಾಗಲಿಲ್ಲ. ಸುಣ್ಣದ ಗುರುತು ಬಿದ್ದ ಮನೆಯವರೆಲ್ಲ ಸಾಮ್ರಾಟರ ಗೇಟಿನ ಮುಂದೆ ಸಾಲುಗಟ್ಟಿದರು. ದರ್ಜಿ ಎಲ್ಲರಿಗಿಂತ ಮೊದಲು ಬಂದಿದ್ದ. ‘ಅಣ್ಣಾ, ನಂದೂ ಒಂದು ಹಾಕ್ಬಿಡಿ. ರಾಜಕುಮಾರಿ ಬಟ್ಟೆ ಹೊಲಿಸ್ದೇನೇ ಓಡಾಡ್ತಿದ್ಳಾ?’ ಎಂದು ಕೇಳಿದ. ವಾದ ನ್ಯಾಯವಾಗಿತ್ತು. ದರ್ಜಿಗೆ ಮನೆ ಸಿಕ್ಕಿತು. ಮನೆಯಲ್ಲಿ ಯಾರ್ಯಾರಿದ್ದಾರೆ ಎಂಬುದನ್ನೂ ಬರೆಯಬೇಕೆಂದು ಹಟ ಹಿಡಿದು, ಹೆಂಡತಿ, ಮಗಳು, ಚಿಕ್ಕಪ್ಪ ಎಲ್ಲರನ್ನೂ ಸೇರಿಸಿದ. ಭಾವಮೈದ ಬೇಡ ಎಂದ. ಒಬ್ಬರಿಗೆ ಹಿತ್ತಲ ಬಾವಿ ಬೇಕಿತ್ತು, ಇನ್ನೊಬ್ಬರಿಗೆ ತಕರಾರಿನಲ್ಲಿದ್ದ ಕಾಂಪೌಂಡು ಗೋಡೆ ರಾಜಕುಮಾರಿಯ ಕಾಲದಿಂದಲೂ ಅಲ್ಲೇ ಇತ್ತು ಎಂಬ ಒಂದು ವಾಕ್ಯ ಬೇಕಿತ್ತು. ಆ ವಾಕ್ಯ ಹೋಗಬೇಕೆಂದು ಗೋಡೆಯ ಆಚೆಯವರು ಬಂದರು. ಕೂಗು ಕೇಳಿಸದ ನಿವೃತ್ತ ಮೇಷ್ಟ್ರು, ತಮ್ಮ ಮನೆ ಇತಿಹಾಸದಿಂದ ಹೊರಗುಳಿದದ್ದು ಅವಮಾನ ಎಂದು ಬಂದು ಕೂತರು. ತನಗೆ ಇತಿಹಾಸ ಬೇಡ, ಗಿರಣಿಯ ಧೂಳೇ ಸಾಕು ಎಂದವಳು ಗಿರಣಿಯಮ್ಮ ಒಬ್ಬಳೇ.

ಇದರಿಂದ ಪ್ರಣಯಕ್ಕೆ ಸ್ವಲ್ಪ ಹಿನ್ನಡೆಯಾಯಿತು. ಕುದುರೆ ಸವಾರ ಪ್ರೇಯಸಿಯನ್ನು ನೋಡಲು ವಾಯುವೇಗದಲ್ಲಿ ಹೊರಟವನು ಪ್ರತಿ ಮನೆಯ ಮುಂದೆಯೂ ಲಗಾಮು ಎಳೆದು, ಇದು ಯಾರ ಮನೆ, ಎಷ್ಟು ಕೋಣೆ, ಮೋರಿ ಯಾವ ಕಡೆ ಹರಿಯುತ್ತದೆ ಎಂದು ವಿಚಾರಿಸಿಕೊಂಡು ಹೋಗಬೇಕಾಯಿತು. ಗೋಪುರ ತಲುಪುವ ಹೊತ್ತಿಗೆ ರಾಜಕುಮಾರಿ ಆಕಳಿಸುತ್ತಿದ್ದಳು. ಇಬ್ಬರೂ ಕೈ ಹಿಡಿಯುವುದನ್ನು ಮೂರನೇ ಭಾಗಕ್ಕೆ ಮುಂದೂಡಿದರು. ಪ್ರಕಾಶಕನಿಗೆ ಪರಮಾನಂದ. ಇಡೀ ಬೀದಿ ಪುಸ್ತಕ ಕೊಂಡಿತ್ತು, ತಕರಾರಿನ ಕಾಂಪೌಂಡಿನ ಎರಡೂ ಕಡೆಯವರೂ ಕೊಂಡಿದ್ದರು.

ಕಚೇರಿ ಎರಡನೇ ಭಾಗವನ್ನು ಅಂಗೀಕರಿಸಿತು. ಒಂದು ಮನೆಯೂ ಬೀಳಲಿಲ್ಲ. ಬೀದಿಯವರು ಸಾಮ್ರಾಟರಿಗೆ ಹಾರ ಹಾಕಿದರು. ಹೆಂಡತಿ ಆ ರಾತ್ರಿ ಅಡುಗೆಮನೆಯ ಕಿಟಕಿಯ ಗಾಜು ಒರೆಸಿ ನೆಮ್ಮದಿಯಾಗಿ ಮಲಗಿದಳು.

ಬೆಳಿಗ್ಗೆ ಜೀಪು ಬಂತು. ಅಧಿಕಾರಿಗಳ ಕೈಯಲ್ಲಿ ಎರಡನೇ ಭಾಗವಿತ್ತು, ಸಿಬ್ಬಂದಿಯ ಕೈಯಲ್ಲಿ ಹಗ್ಗ, ಬೀಗ, ಬೋರ್ಡು. ಮನೆಗಳು ಈಗ ಪ್ರಾಚೀನ ಎಂದಾದ ಮೇಲೆ ಅವು ರಕ್ಷಿತ ಸ್ಮಾರಕಗಳು. ಅವುಗಳಲ್ಲಿ ಪುಸ್ತಕದಲ್ಲಿದ್ದವರು, ಪುಸ್ತಕದಲ್ಲಿದ್ದಂತೆ ಮಾತ್ರ ವಾಸಿಸತಕ್ಕದ್ದು. ದರ್ಜಿಯ ಮನೆಯಲ್ಲಿ ಎಲ್ಲರೂ ಸರಿ ಇದ್ದರು, ಭಾವಮೈದನನ್ನು ಮಾತ್ರ ಹೊರಗೆ ಕಳಿಸಿದರು. ದರ್ಜಿ ಅಧಿಕಾರಿಗಳಿಗೆ ಕೈಮುಗಿದ. ಆಮೇಲೆ ಅವರು ಸಾಮ್ರಾಟರ ಮನೆಗೆ ಬಂದರು. ಕುರ್ಚಿ ನೋಡಿದರು, ಕಿಟಕಿ ನೋಡಿದರು, ಕವಿಯ ಮೂಗು ನೇರವಿಲ್ಲದ್ದನ್ನು ಕಾಲದ ಹೊಡೆತ ಎಂದು ಬರೆದುಕೊಂಡರು. ನಂತರ ಹೆಂಡತಿಯತ್ತ ತಿರುಗಿದರು.

‘ಮೇಡಂ, ತಾವು?’

‘ಈ ಮನೆಯವಳು.’

ಅಧಿಕಾರಿಗಳು ಪುಟ ತಿರುವಿದರು. ಮತ್ತೆ ತಿರುವಿದರು. ‘ಕವಿ ಬ್ರಹ್ಮಚಾರಿ ಮೇಡಂ. ತಾವು ಇತಿಹಾಸದಲ್ಲಿಲ್ಲ.’

ಹೆಂಡತಿ ಗಂಡನನ್ನು ನೋಡಿದಳು. ಪ್ರಣಯ ಕಾದಂಬರಿಯಲ್ಲಿ ಮೂಕವಾಗಿ ಪ್ರೀತಿಸುವ ಕವಿಗೆ ಮದುವೆಯಾಗಿರಬಾರದು. ಅದು ವೃತ್ತಿಯ ಎರಡನೇ ಮೂಲಭೂತ ನಿಯಮ. ಮೋರಿಗಳನ್ನೆಲ್ಲ ನೆನಪಿಟ್ಟುಕೊಂಡು ಬರೆದ ಸಾಮ್ರಾಟರು ಈ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಿಬಿಟ್ಟಿದ್ದರು. ಕವಿ ಬೆಳದಿಂಗಳನ್ನೇ ಉಂಡು ಬದುಕುತ್ತಿದ್ದ ಎಂದೂ ಬರೆದಿದ್ದರು. ಹೀಗಾಗಿ ಅಡುಗೆಮನೆಯ ಪ್ರಸ್ತಾಪವೂ ಇರಲಿಲ್ಲ. ಅಡುಗೆಮನೆ ‘ಅನಧಿಕೃತ ಸೇರ್ಪಡೆ’ ಎಂದು ಗುರುತಾಗಿ, ಅದಕ್ಕೆ ಬೀಗ ಬಿತ್ತು. ಸೂಕ್ತ ಸಮಯದಲ್ಲಿ ಅಡುಗೆಮನೆಯನ್ನಷ್ಟೇ ಕೆಡವಲಾಗುವುದು ಎಂದರು.

‘ಊರವರ ಚಿಕ್ಕಪ್ಪಂದಿರಿಗೆಲ್ಲ ಜಾಗ ಕೊಟ್ರಿ’ ಎಂದಳು ಹೆಂಡತಿ. ಜೋರಾಗಿ ಹೇಳಲಿಲ್ಲ. ‘ನನಗೆ ಒಂದು ಸಾಲು ಸಿಗಲಿಲ್ವಾ?’

ಸಾಮ್ರಾಟರು ಪುಸ್ತಕ ತೆಗೆದು ಪುಟ ತಿರುವತೊಡಗಿದರು. ಆಕೆ ಒಂದು ಚೀಲ ತುಂಬಿಕೊಂಡು ಗೇಟು ದಾಟಿದಳು. ಇತಿಹಾಸದ ಹೊರಗೆ ಉಳಿದಿದ್ದ ಮನೆ ಒಂದೇ, ಗಿರಣಿಯಮ್ಮನದು. ಅದರ ಮಹಡಿಯ ಕೋಣೆಯಲ್ಲಿ ಆಕೆಗೆ ಜಾಗ ಸಿಕ್ಕಿತು.

ಮನೆ ಪ್ರವಾಸಿಗರಿಗೆ ತೆರೆಯಿತು. ಸಾಮ್ರಾಟರ ಕುರ್ಚಿಯ ಸುತ್ತ ಹಗ್ಗ ಕಟ್ಟಿದರು. ಬಾಗಿಲು ತೆರೆಯುವ ಹೊತ್ತಿನಿಂದ ಮುಚ್ಚುವವರೆಗೆ ಅವರು ಗರಿಯ ಲೇಖನಿ ಹಿಡಿದು ಗೋಪುರವನ್ನೇ ನೋಡುತ್ತ ನಿಟ್ಟುಸಿರು ಬಿಡಬೇಕು. ಬಾಲ್‌ಪೆನ್ನು ಕೂಡದು, ಕನ್ನಡಕ ಕೂಡದು. ಮಾರ್ಗದರ್ಶಕನೊಬ್ಬ ಕೋಲಿನಿಂದ ತೋರಿಸಿ, ಇವನೇ ನತದೃಷ್ಟ ಕವಿ, ಸಂಸಾರದ ಸುಖ ಕಾಣದವನು ಎನ್ನುತ್ತಿದ್ದ. ಊಟದ ಪ್ರಶ್ನೆ ಬಂದಾಗ ಅಧಿಕಾರಿಗಳು ಕಾದಂಬರಿ ತೆರೆದು ಬೆಳದಿಂಗಳ ಸಾಲನ್ನು ತೋರಿಸಿದರು. ಬಾಗಿಲು ಮುಚ್ಚಿದ ಮೇಲೆ ಸಾಮ್ರಾಟರು ಹಿತ್ತಲಿನಿಂದ ನುಸುಳಿ, ಸಿಕ್ಕ ಬನ್ನನ್ನು ಸಿಕ್ಕಲ್ಲಿ ನಿಂತು ತಿಂದು ಬರುತ್ತಿದ್ದರು.

ಹೆಂಡತಿ ಪ್ರತಿದಿನ ಟಿಕೆಟ್ಟು ಕೊಂಡು ಒಳಗೆ ಬರುತ್ತಿದ್ದಳು. ಗಂಡನನ್ನು ನೋಡಲು ಬರುತ್ತಿದ್ದಳು ಎಂದು ಬರೆದರೆ ಪ್ರಣಯವಾಗುತ್ತದೆ. ಆಕೆ ಬರುತ್ತಿದ್ದದ್ದು ಬೀಗ ಹಾಕಿದ ಅಡುಗೆಮನೆಯ ಬಾಗಿಲ ಮುಂದೆ ನಿಂತು ಹೋಗುವುದಕ್ಕೆ. ಒಂದು ದಿನ ಸಾಮ್ರಾಟರ ಮುಖ ಬತ್ತಿದ್ದು ಕಂಡು ಕೈಚೀಲದಿಂದ ಒಂದು ಪೊಟ್ಟಣ ತೆಗೆದಳು. ‘ಪ್ರದರ್ಶನದ ವಸ್ತುಗಳಿಗೆ ತಿನ್ನಲು ಕೊಡಕೂಡದು’ ಎಂಬ ಬೋರ್ಡನ್ನು ಮಾರ್ಗದರ್ಶಕ ಕೋಲಿನಿಂದ ತಟ್ಟಿ ತೋರಿಸಿದ.

‘ಮೂರನೇ ಭಾಗ ಬರೀತೀನಿ ಕಣೆ’ ಎಂದು ಸಾಮ್ರಾಟರು ತುಟಿ ಅಲ್ಲಾಡಿಸದೆ ಹೇಳಿದರು. ‘ಅದರಲ್ಲಿ ಕವಿಗೆ ಮದುವೆ ಮಾಡಿಸ್ತೀನಿ. ಆದ್ರೆ ಹೇಗೆ ಅಂತ ಹೊಳೀತಿಲ್ಲ. ಕವಿ ಆಗ್ಲೇ ರಾಜಕುಮಾರಿಗೆ ಮನಸ್ಸು ಕೊಟ್ಟಿದ್ದಾನಲ್ಲ.’

‘ನೀವು ಬರೆದಷ್ಟು ಸಾಕು. ಆಮೇಲೆ ಹಾಸಿಗೆ ಒಂದು ಬರೆದು ದಿಂಬು ಮರೀತೀರಿ.’

‘ಮತ್ತೆ ಯಾರು ಬರೀತಾರೆ?’

‘ನಾನೂ ನಾಳೆ ಬಸ್ಸಲ್ಲಿ ಹೋಗೋದಿದೆ’ ಎಂದಳು ಹೆಂಡತಿ. ‘ಎದುರು ಸೀಟಲ್ಲಿ ಯಾರು ಕೂತಿರ್ತಾರೋ ನೋಡೋಣ.’

ಕೂತಿದ್ದವಳು ಒಬ್ಬ ಮುದುಕಿ. ಮೂರನೇ ಭಾಗದ ಮುನ್ನುಡಿಯ ಪ್ರಕಾರ ಆಕೆ ರೈಲಿನ ಮುದುಕನ ಹೆಂಡತಿ. ಅವನು ಕೊಟ್ಟ ಗಂಟೆಲ್ಲ ಅರ್ಧಂಬರ್ಧ ಮಗಳೇ, ಮನೆ ವಿಷಯ ಅವನಿಗೇನು ಗೊತ್ತು, ಪೂರ್ತಿ ಇಲ್ಲಿದೆ ತಗೋ ಎಂದು ಒಂದು ಚೀಲವನ್ನು ಕೊಟ್ಟು ಇಳಿದು ಹೋದಳು. ಪುಸ್ತಕವನ್ನು ಗಿರಣಿಯ ಸದ್ದಿನಲ್ಲಿ ಬರೆಯಲಾಯಿತು. ಆದರೂ ಅದರಲ್ಲಿ ಯುದ್ಧ ಇರಲಿಲ್ಲ. ಶೈಲಿ ನೇರ. ‘ರಾಜಕುಮಾರಿ ಕುದುರೆ ಸವಾರನ ಕೈ ಹಿಡಿದು ಬೇರೆ ಊರಿಗೆ ಹೋದಳು. ಆಮೇಲೆ ಈ ಬೀದಿಗೆ ತೊಂದರೆ ಕೊಡಲಿಲ್ಲ.’ ಎರಡು ಭಾಗಗಳಲ್ಲಿ ಆಗದಿದ್ದ ಪ್ರಣಯ ಮೊದಲ ಎರಡು ವಾಕ್ಯದಲ್ಲಿ ಮುಗಿಯಿತು. ಉಳಿದ ಪುಟಗಳೆಲ್ಲ ಮನೆಯವು.

ಕವಿಗೆ ಮದುವೆಯಾಗಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಮನೆ ಅವನ ಹೆಂಡತಿಯ ತಾಯಿ ಕಟ್ಟಿಸಿದ್ದು. ಆ ತಾಯಿ ಗಾಯಗೊಂಡ ಸೈನಿಕರಿಗೆ ಔಷಧಿ ಹಚ್ಚುತ್ತಿದ್ದವಳು, ಒಲೆಯ ಮುಂದಿನ ಕಿಟಕಿಗೆ ತಾನೇ ಅಳತೆ ಕೊಟ್ಟವಳು. ಅವಳ ಬಗ್ಗೆ ಒಂದು ಇಡೀ ಅಧ್ಯಾಯವಿತ್ತು. ಗಿರಣಿಯಮ್ಮ ಅದನ್ನು ಓದಿ ಗಿರಣಿ ನಿಲ್ಲಿಸಿ ಕಣ್ಣೊರೆಸಿಕೊಂಡಳು. ಮುಂದಿನ ಅಧ್ಯಾಯ ಕವಿಯ ದಿನಚರಿ. ಕವಿ ಎಲ್ಲರಿಗಿಂತ ಮುಂಚೆ ಏಳುತ್ತಿದ್ದ. ಒಲೆ ಹಚ್ಚುತ್ತಿದ್ದ, ನೀರು ಹೊರುತ್ತಿದ್ದ, ಅಂಗಳ ಗುಡಿಸುತ್ತಿದ್ದ, ಮೂಲೆಗಳನ್ನೂ ಬಿಡುತ್ತಿರಲಿಲ್ಲ. ಕವಿ ತನ್ನ ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದ. ಹೆಂಡತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದಳು. ಬರೆಯುವಾಗ ಕವಿ ಅವಳನ್ನು ಎಂದೂ ಎಬ್ಬಿಸಿ, ಬೆಚ್ಚು ಎಂದು ಹೇಳಲಿಲ್ಲ.

ಮುನ್ನುಡಿಯ ಕೊನೆಯಲ್ಲಿ ‘ಒಂದಕ್ಷರವೂ ನನ್ನದಲ್ಲ’ ಎಂಬ ಸಾಲು ಕ್ರಮಬದ್ಧವಾಗಿ ಇದ್ದುದರಿಂದ ಕಚೇರಿಗೆ ಬೇರೆ ದಾರಿ ಇರಲಿಲ್ಲ. ಅಧಿಕಾರಿಗಳು ಸ್ವತಃ ಬಂದು ಅಡುಗೆಮನೆಯ ಬೀಗ ತೆಗೆದು, ಹಗ್ಗ ಬಿಚ್ಚಿ, ‘ಅಮ್ಮಾವ್ರೇ, ಬನ್ನಿ’ ಎಂದು ಕರೆತಂದರು. ಅವತ್ತಿನಿಂದ ಇಡೀ ಬೀದಿ ಅವರನ್ನು ಅಮ್ಮಾವ್ರು ಎಂದೇ ಕರೆಯುತ್ತದೆ. ಈ ಕತೆಯೂ ಇನ್ನು ಮುಂದೆ ಹಾಗೆಯೇ ಕರೆಯತಕ್ಕದ್ದು. ಸಾಮ್ರಾಟರ ಹೆಸರನ್ನು ಬದಲಿಸುವ ಅಗತ್ಯ ಕಂಡುಬರಲಿಲ್ಲ. ಕೈಗೆ ಪೊರಕೆ ಕೊಟ್ಟರೆ ಸಾಕಾಯಿತು.

ಪ್ರವಾಸಿಗರು ಹೆಚ್ಚಾದರು. ಬಸ್ಸುಗಳಿಗೆ ಜಾಗ ಸಾಲದಾಯಿತು. ಗೋಪುರವನ್ನು ನೋಡುತ್ತಿದ್ದ ಮನೆಯನ್ನು ನೋಡಲು ಬರುವವರ ಬಸ್ಸು ನಿಲ್ಲಿಸಲು ಬೇರೆ ಸ್ಥಳವಿಲ್ಲದ ಕಾರಣ, ಕಚೇರಿಯ ಶಿಫಾರಸಿನ ಮೇರೆಗೆ ಗೋಪುರವನ್ನು ಕೆಡವಲಾಯಿತು. ಹಿಂದೆ ಟ್ಯಾಂಕು ಕೆಡವಲು ಬಾರದಿದ್ದ ಮಂಜೂರಾತಿ ಸ್ಮಾರಕ ಕೆಡವಲು ಒಂದೇ ದಿನದಲ್ಲಿ ಬಂತು. ಅಲ್ಲೀಗ ‘ಇಲ್ಲಿ ಚಂದ್ರಗೋಪುರವಿತ್ತು. ಹಾರ್ನ್ ಮಾಡಬೇಡಿ’ ಎಂಬ ಬೋರ್ಡಿದೆ. ರಾಜಕುಮಾರಿಯನ್ನು ಯಾರೂ ಕೇಳುವುದಿಲ್ಲ. ಜನ ಬರುವುದು ಕವಿ ಗುಡಿಸುವುದನ್ನು ನೋಡಲು. ಹೆಂಗಸರು ಗಂಡಂದಿರನ್ನು ಕರೆತಂದು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಾರೆ.

ಮೊನ್ನೆ ಅಂಥ ಒಬ್ಬ ಗಂಡ, ಹೆಂಡತಿ ಅತ್ತ ತಿರುಗಿದ್ದು ನೋಡಿ, ಅಂಗಳದಲ್ಲಿ ಬಗ್ಗಿದ್ದ ಸಾಮ್ರಾಟರ ಹತ್ತಿರ ಬಂದು ಪಿಸುಗುಟ್ಟಿದ. ‘ಯಜಮಾನ್ರೇ, ಗಂಡಸರ ಮಧ್ಯೆ ಒಂದು ನಿಜ ಹೇಳಿ. ಇದೆಲ್ಲ ನೀವೇ ಕಟ್ಟಿದ ಕತೆ ಅಲ್ವಾ?’

ಸಾಮ್ರಾಟರು ಸೊಂಟ ನೇರ ಮಾಡಿಕೊಂಡರು. ಕುರ್ಚಿಯಲ್ಲಿ ಅಮ್ಮಾವ್ರು ನಾಲ್ಕನೇ ಭಾಗ ಬರೆಯುತ್ತಿದ್ದರು.

‘ಇದರಲ್ಲಿ ಒಂದಕ್ಷರವೂ ನನ್ನದಲ್ಲ’ ಎಂದರು ಸಾಮ್ರಾಟರು.

ಅವರ ಬಾ‍ಯಿಂದ ಆ ಸಾಲು ನಿಜವಾಗಿ ಹೊರಟದ್ದು ಅದೇ ಮೊದಲು. ಕೇಳಿದ ಗಂಡ ನಂಬಲಿಲ್ಲ. ಒಳಗಿನಿಂದ, ಮೂಲೆ ಬಿಟ್ಟಿದ್ದೀರಿ ಎಂದು ಅಮ್ಮಾವ್ರು ತಲೆ ಎತ್ತದೆ ನೆನಪಿಸಿದರು. ಸಾಮ್ರಾಟರು ಮೂಲೆಯನ್ನೂ ಗುಡಿಸಿದರು. ಮಾರ್ಗದರ್ಶಕ ಪುಟದ ಸಂಖ್ಯೆ ಹೇಳಿ ಕೋಲಿನಿಂದ ತೋರಿಸಿದ, ಪ್ರವಾಸಿಗರು ಪುಸ್ತಕ ತೆರೆದು ತಾಳೆ ನೋಡಿದರು, ಸರಿಯಾಗಿತ್ತು, ಚಪ್ಪಾಳೆ ತಟ್ಟಿದರು.